ಹದಿನೇಳು ಸಾವಿರ ಮಂದಿಯ ವಂತಿಗೆ

ಪದವಿ ತರಗತಿಗೆ ಶಾಸನಗಳ ಪಾಠ ಹೇಳುವಾಗ ನಾನು ಒಂದು ಮಾತನ್ನು ತಪ್ಪದೆ ಆಡುವುದುಂಟು. ನಮ್ಮ ದತ್ತಿಶಾಸನಗಳಲ್ಲಿ ಬಹುಪಾಲು ಕಾವ್ಯವಲ್ಲ, ಲೆಕ್ಕ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಮತ್ತರು ಭೂಮಿ, ಎಷ್ಟು ಗದ್ಯಾಣ ಹೊನ್ನು, ಅದರ ಬಡ್ಡಿಯಿಂದ ಯಾವ ನಂದಾದೀವಿಗೆ ಉರಿಯಬೇಕು ಎಂಬುದನ್ನು ಊರ ನಡುವೆ, ಎಲ್ಲರ ಕಣ್ಣಿಗೂ ಬೀಳುವಂತೆ, ಕಲ್ಲಿನಲ್ಲಿ ಕಂಡರಿಸಿ ನಿಲ್ಲಿಸಿದರು. ಕೊನೆಗೆ ಶಾಪಾಶಯ: ಈ ಧರ್ಮವನ್ನು ಅಳಿದವನಿಗೆ ಏನೇನು ಪಾಪ ಬರುತ್ತದೆ ಎಂಬ ಪಟ್ಟಿ. ಅಲ್ಲಿಗೆ ಬಂದಾಗ ಹುಡುಗರು ನಗುತ್ತಾರೆ. ನಾನೂ ತಡೆಯುವುದಿಲ್ಲ. ಪೊಲೀಸು ಕಚೇರಿಯೂ ನೋಂದಣಿ ಕಚೇರಿಯೂ ಇಲ್ಲದ ಊರಿನಲ್ಲಿ ಕೊಟ್ಟ ಮಾತನ್ನು ಕಾಯಲು ಕಲ್ಲು ಮತ್ತು ಶಾಪ ಇವೆರಡೇ ಇದ್ದವು ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ಆ ಪಾಠವನ್ನು ಹಲವು ವರ್ಷಗಳ ಹಿಂದೆ ಕೇಳಿದ್ದ ವಿದ್ಯಾರ್ಥಿಯೊಬ್ಬ ಈಚೆಗೆ ರಜೆಯಲ್ಲಿ ಮನೆಗೆ ಬಂದಿದ್ದ. ವಿಜ್ಞಾನದ ವಿದ್ಯಾರ್ಥಿ, ಕನ್ನಡ ಅವನಿಗೆ ಕಡ್ಡಾಯದ ಪತ್ರಿಕೆಯಾಗಿತ್ತು, ಅಷ್ಟೆ. ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಕಾಫಿ ಕುಡಿಯುತ್ತ, ‘ಸರ್, ತಾವು ಹೇಳುತ್ತಿದ್ದ ಆ ದಾನಶಾಸನದ ಕಲ್ಲು ಈಗ ಕಂಪ್ಯೂಟರಿನೊಳಗೆ ಬಂದಿದೆ. ಅಂಥ ಒಂದು ಕಲ್ಲಿನಲ್ಲಿ ನನ್ನ ದಾನವೂ ಇದೆ. ಆದರೆ ಹೆಸರಿಲ್ಲ, ಬರಿಯ ಅಂಕೆ ಅಕ್ಷರ’ ಎಂದ. ಯಾವ ದೇವಸ್ಥಾನಕ್ಕಪ್ಪ ಎಂದು ಕೇಳಿದೆ. ಅವನು ನಕ್ಕು, ಅಮೆರಿಕದ ಸಂವಿಧಾನವನ್ನು ಕೊಳ್ಳುವುದಕ್ಕೆ ಎಂದು ಉತ್ತರ ಕೊಟ್ಟ.

ತಮಾಷೆ ಎಂದುಕೊಂಡೆ. ಅವನು ಹೇಳಿದ್ದನ್ನು ಕೇಳಿ, ಬಳಿಕ ನಾನೇ ಓದಿ ತಿಳಿದ ಸಂಗತಿಯನ್ನು ವಾಚಕರ ಮುಂದಿಡುತ್ತಿದ್ದೇನೆ.

1787ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯ ನಗರದಲ್ಲಿ ಸೇರಿದ್ದ ಪ್ರತಿನಿಧಿಗಳು ತಮ್ಮ ಸಂವಿಧಾನವನ್ನು ಒಪ್ಪಿ ಸಹಿ ಹಾಕಿದಾಗ, ಡನ್‌ಲಪ್ ಮತ್ತು ಕ್ಲೇಪೂಲ್ ಎಂಬ ಮುದ್ರಕರು ಅದನ್ನು ಅಚ್ಚು ಹಾಕಿದರು. ಸುಮಾರು 500 ಪ್ರತಿಗಳು ಹೊರಬಂದಿರಬೇಕೆಂದು ವಿದ್ವಾಂಸರ ಎಣಿಕೆ. ಅವುಗಳಲ್ಲಿ ಉಳಿದಿವೆಯೆಂದು 2021ರಲ್ಲಿ ಗೊತ್ತಿದ್ದುದು 13. ಹನ್ನೊಂದು ಗ್ರಂಥಾಲಯಗಳಂಥ ಸಂಸ್ಥೆಗಳಲ್ಲಿ, ಎರಡು ಮಾತ್ರ ಖಾಸಗಿಯವರ ಕೈಯಲ್ಲಿ. ಆ ಎರಡರಲ್ಲೊಂದು ನ್ಯೂಯಾರ್ಕಿನ ಸದಬೀಸ್ ಹರಾಜು ಮಳಿಗೆಗೆ 2021ರ ನವೆಂಬರ್ 18ರಂದು ಬರುತ್ತದೆಂದು ಪ್ರಕಟವಾಯಿತು. 1988ರಲ್ಲಿ ಅದರ ಹಿಂದಿನ ಒಡೆಯರು ಕೊಂಡಾಗ ಬೆಲೆ 1,65,000 ಡಾಲರ್. ಈಗ 1.5 ಕೋಟಿಯಿಂದ 2 ಕೋಟಿ ಡಾಲರ್ ಬರಬಹುದೆಂದು ಮಳಿಗೆಯ ಅಂದಾಜು.

ಪ್ರಜೆಗಳ ಹೆಸರಿನಲ್ಲಿ ಆರಂಭವಾಗುವ ಕಾಗದ ಪ್ರಜೆಗಳ ಕೈಗೆ ಏಕೆ ಬರಬಾರದು ಎಂದು ಒಂದಷ್ಟು ಮಂದಿ ತರುಣರು ಹರಾಜಿಗೆ ಕೆಲವೇ ದಿನಗಳು ಉಳಿದಿರುವಾಗ ಯೋಚಿಸಿದರು. ತಮಾಷೆ ಎಷ್ಟು, ಗಂಭೀರ ಎಷ್ಟು, ಅವರಿಗೇ ಆಗ ತಿಳಿದಿತ್ತೋ ಇಲ್ಲವೋ. ‘ಕಾನ್‌ಸ್ಟಿಟ್ಯೂಷನ್‌ಡಾವೊ’ ಎಂದು ಹೆಸರಿಟ್ಟರು. ಡಾವೊ ಎಂದರೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಗಳಿಲ್ಲದೆ, ಕಂಪ್ಯೂಟರಿನಲ್ಲಿ ಬರೆದಿಟ್ಟ ನಿಯಮಗಳಂತೆಯೂ ಸದಸ್ಯರ ಮತದಂತೆಯೂ ನಡೆಯಬೇಕಾದ ಕೂಟ. ವಂತಿಗೆ ಕೊಡಬೇಕಾದುದು ಡಾಲರಿನಲ್ಲಲ್ಲ, ಈಥರ್ ಎಂಬ ಕ್ರಿಪ್ಟೋ ನಾಣ್ಯದಲ್ಲಿ.

ಈ ನಾಣ್ಯದ ಸಂಗತಿಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಇದನ್ನು ಯಾವ ಸರ್ಕಾರವೂ ಟಂಕಿಸಿಲ್ಲ. ಕಿಸೆಯಲ್ಲಿ ಝಣಝಣಿಸುವುದೂ ಇಲ್ಲ. ಇರುವುದೊಂದು ಖಾತೆಪುಸ್ತಕ. ಅದರ ಪ್ರತಿ ಒಂದು ಬ್ಯಾಂಕಿನ ಕಪಾಟಿನಲ್ಲಿರದೆ ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುತ್ತದೆ. ಯಾರಿಂದ ಯಾರಿಗೆ ಎಷ್ಟು ಸಂದಿತೆಂಬ ಬರಹಗಳ ಕಟ್ಟುಗಳನ್ನು ಒಂದರ ಬಾಲಕ್ಕೆ ಒಂದು ಪೋಣಿಸುತ್ತಾರೆ. ಹಿಂದಿನದನ್ನು ತಿದ್ದಹೊರಟರೆ ಮುಂದಿನದೆಲ್ಲವೂ ಹೊಂದಾಣಿಕೆ ತಪ್ಪಿ ಕಳ್ಳತನ ಬಯಲಾಗುತ್ತದೆ. ಇದಕ್ಕೇ ಬ್ಲಾಕ್‌ಚೈನ್ ಎನ್ನುವುದು. ಈಥರಿನ ಖಾತೆಯಲ್ಲಿ ಹಣದ ಜೊತೆಗೆ ಕರಾರನ್ನೂ ಬರೆದಿಡಬಹುದು: ಇಂಥ ಷರತ್ತು ನೆರವೇರಿದರೆ ಹಣ ಅಲ್ಲಿಗೆ ಹೋಗಲಿ, ಇಲ್ಲವಾದರೆ ಹಿಂದಕ್ಕೆ ಬರಲಿ. ಶಾಪಾಶಯದ ಕೆಲಸವನ್ನು ಈಗ ಲೆಕ್ಕದ ಸೂತ್ರ ಮಾಡುತ್ತದೆ, ಎಂದ ನನ್ನ ಶಿಷ್ಯ. ಮಾತು ಚೆನ್ನಾಗಿತ್ತು. ನಾನು ಪೂರ್ತಿ ಒಪ್ಪಲಿಲ್ಲ.

ಒಂದು ವಾರಕ್ಕೂ ಕಡಮೆ ಅವಧಿಯಲ್ಲಿ 17,437 ಮಂದಿ ಸೇರಿ ಸುಮಾರು 4.7 ಕೋಟಿ ಡಾಲರ್ ಬೆಲೆಯ ಈಥರನ್ನು ಸುರಿದರು. ದೊಡ್ಡ ಕುಳಗಳೂ ಇದ್ದರು. ಆದರೆ ಕೊಟ್ಟವರನ್ನೆಲ್ಲ ಸಾಲಾಗಿ ನಿಲ್ಲಿಸಿ ನಟ್ಟನಡುವಿನವನನ್ನು ಕೇಳಿದ್ದರೆ ಅವನು ಕೊಟ್ಟದ್ದು 206 ಡಾಲರ್. ಎಷ್ಟೋ ಮಂದಿಗೆ ಕ್ರಿಪ್ಟೋ ನಾಣ್ಯವನ್ನು ಕೈಯಲ್ಲಿ ಹಿಡಿದದ್ದೇ (ಹಿಡಿಯುವುದೆಂಬುದು ಇಲ್ಲಿ ಮಾತಿಗಷ್ಟೆ) ಅದು ಮೊದಲ ಸಲ. ನನ್ನ ಶಿಷ್ಯ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ರಾತ್ರಿ ಕುಳಿತು 100 ಡಾಲರ್ ಬೆಲೆಯ ಈಥರ್ ಕಳುಹಿಸಿದ. ‘ನಿನಗೇಕಯ್ಯಾ ಅವರ ಸಂವಿಧಾನ? ನಮ್ಮದು ನಮಗಿಲ್ಲವೆ?’ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಷ್ಟೊಂದು ಜನ ಸೇರಿ ಏನನ್ನೋ ಮಾಡುತ್ತಿದ್ದರು ಸರ್. ಹೊರಗೆ ನಿಲ್ಲಲು ಮನಸ್ಸು ಬರಲಿಲ್ಲ’ ಎಂದ. ವಂತಿಗೆಯ ಇತಿಹಾಸವನ್ನು ಯಾರಾದರೂ ಬರೆದರೆ ಈ ಮಾತನ್ನು ಮೊದಲ ಪುಟದಲ್ಲಿ ಹಾಕಬೇಕು.

ಕೊಟ್ಟವರಿಗೆ ಆ ಕಾಗದದಲ್ಲಿ ಪಾಲು ಇರಲಿಲ್ಲ. ಇದನ್ನು ಕೂಟದವರು ಹೇಳಿಯೇ ಇದ್ದರು. ಒಂದು ಈಥರಿಗೆ ಹತ್ತು ಲಕ್ಷದಂತೆ ‘ಪೀಪಲ್’ ಎಂಬ ಟೋಕನ್ನುಗಳು ಸಿಗುತ್ತವೆ. ಪ್ರತಿಯನ್ನು ಎಲ್ಲಿ ಪ್ರದರ್ಶಿಸಬೇಕು ಎಂಬಂಥ ಸಂಗತಿಗಳಲ್ಲಿ ಅದರಿಂದ ಅಭಿಪ್ರಾಯ ಸೂಚಿಸಬಹುದು, ಅಷ್ಟೆ. ಜನ ಇದನ್ನು ಓದಿದರೋ, ಓದಿಯೂ ಇರಲಿ ಎಂದರೋ.

ಹರಾಜಿನ ರಾತ್ರಿ ಬಂದಿತು. ಕೊನೆಗೆ ಉಳಿದವರು ಇಬ್ಬರೇ. ಇಬ್ಬರ ಪರವಾಗಿಯೂ ಮಳಿಗೆಯ ಸಿಬ್ಬಂದಿ ಫೋನು ಹಿಡಿದು ಕೂಗುತ್ತಿದ್ದರು. 4.1 ಕೋಟಿ ಡಾಲರಿಗೆ ಸುತ್ತಿಗೆ ಬಿದ್ದಿತು. ಮಳಿಗೆಯ ದಸ್ತೂರಿ ಸೇರಿ 4.32 ಕೋಟಿ. ಪುಸ್ತಕವೇ ಆಗಲಿ, ಹಸ್ತಪ್ರತಿಯೇ ಆಗಲಿ, ಅಚ್ಚಾದ ಕಾಗದವೇ ಆಗಲಿ, ಅಂದಿನವರೆಗೆ ಯಾವ ಹರಾಜಿನಲ್ಲಿಯೂ ಅಷ್ಟು ಬೆಲೆಗೆ ಹೋದದ್ದಿಲ್ಲ. 1994ರಲ್ಲಿ ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿ ಪುಸ್ತಕ 3.08 ಕೋಟಿ ಡಾಲರಿಗೆ ಹೋದದ್ದೇ ದೊಡ್ಡ ಸುದ್ದಿಯಾಗಿತ್ತು. ಕೊಂಡವರು ಹದಿನೇಳು ಸಾವಿರ ಮಂದಿಯಲ್ಲ, ಒಬ್ಬರೇ. ಸಿಟಡೆಲ್ ಎಂಬ ಹಣಕಾಸು ಸಂಸ್ಥೆಯನ್ನು ಕಟ್ಟಿದ ಕೋಟ್ಯಧೀಶ ಕೆನ್ ಗ್ರಿಫಿನ್.

ವಾಚಕರು ಇಲ್ಲಿ ತಡೆದು ಕೇಳಬಹುದು: 4.7 ಕೋಟಿ ಇದ್ದವರು 4.32 ಕೋಟಿಯ ವಸ್ತುವನ್ನು ಸೋತದ್ದು ಹೇಗೆ? ನಾನೂ ಕೇಳಿದೆ. ಕೊಂಡ ಮೇಲೆ ಅದನ್ನು ಕಾಯಬೇಕಲ್ಲವೆ? ವಿಮೆ, ಸಾಗಣೆ, ತೆರಿಗೆ, ಹಳೆಯ ಕಾಗದ ಕೆಡದಂತೆ ಇಡುವ ವ್ಯವಸ್ಥೆ, ಇವಕ್ಕೆಲ್ಲ ಹಣ ಮೀಸಲಿಡಬೇಕಾಗಿತ್ತು. ಅದನ್ನು ಕಳೆದರೆ ಇನ್ನೊಂದು ಕೂಗಿಗೆ ಶಕ್ತಿಯಿರಲಿಲ್ಲ.

ಆದರೆ ನನ್ನನ್ನು ಬಹಳ ದಿನ ಕಾಡಿದ ಸಂಗತಿ ಬೇರೆ. ಈ ಖಾತೆಪುಸ್ತಕದ ಹೆಗ್ಗಳಿಕೆಯೇ ಬಯಲು. ಯಾರು ಬೇಕಾದರೂ ಯಾವ ಹೊತ್ತಿನಲ್ಲಿ ಬೇಕಾದರೂ ನೋಡಬಹುದು, ಕದ್ದು ಮುಚ್ಚುವಂತಿಲ್ಲ. ವಂತಿಗೆ ಕೊಟ್ಟವನಿಗೆ ಇದಕ್ಕಿಂತ ಹೆಚ್ಚಿನ ನೆಮ್ಮದಿ ಬೇರೆ ಉಂಟೆ? ಆದರೆ ಹರಾಜಿನಲ್ಲಿ ಎದುರಾಳಿಗೂ ಅದು ಬಯಲೇ. ಈ ಜನರ ಗಂಟಿನಲ್ಲಿ ಎಷ್ಟಿದೆ, ಎಲ್ಲಿಯವರೆಗೆ ಬರಬಲ್ಲರು ಎಂಬುದನ್ನು ಲೋಕವೆಲ್ಲ ತಿಳಿದಿತ್ತು; ಎದುರಿನ ಫೋನಿನಾಚೆ ಇರುವವರು ಯಾರು, ಅವರ ಗಂಟೆಷ್ಟು ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಇಸ್ಪೀಟು ಆಡುವವನೊಬ್ಬ ತನ್ನ ಎಲೆಗಳನ್ನೆಲ್ಲ ಅಂಗಾತ ಹರಡಿ ಕುಳಿತಂತಾಯಿತು. ಪ್ರಾಮಾಣಿಕತೆಗಾಗಿ ಹೂಡಿದ ಉಪಾಯ ಸೋಲಿಗೂ ದಾರಿಯಾಯಿತು. ಅದನ್ನು ಬಿಟ್ಟಿದ್ದರೆ ಹದಿನೇಳು ಸಾವಿರ ಅಪರಿಚಿತರು ಕೊಡುತ್ತಲೇ ಇರಲಿಲ್ಲವೆಂಬುದೂ ನಿಜ.

ಸೋತ ಮೇಲಿನ ಅಧ್ಯಾಯ ಇನ್ನೂ ವಿಷಾದಕರ. ಹಣವನ್ನು ಹಿಂದಕ್ಕೆ ಕೊಡುತ್ತೇವೆಂದು ಕೂಟ ಸಾರಿತು, ನಡೆದುಕೊಂಡಿತು ಕೂಡ. ಆದರೆ ಆ ಖಾತೆಯಲ್ಲಿ ಒಂದು ಗೆರೆ ಬರೆಯಬೇಕಾದರೂ ಶುಲ್ಕ ತೆರಬೇಕು. ಅದಕ್ಕೆ ‘ಗ್ಯಾಸ್’ ಎಂದು ಹೆಸರು. ಸಂದಣಿ ಹೆಚ್ಚಿದ ದಿನ ಶುಲ್ಕವೂ ಹೆಚ್ಚು. ಮೊತ್ತ ದೊಡ್ಡದೋ ಚಿಕ್ಕದೋ ಎಂದು ಅದು ನೋಡುವುದಿಲ್ಲ. ನನ್ನ ಶಿಷ್ಯನಿಗೆ 100 ಡಾಲರ್ ಕಳುಹಿಸಲು ತಗುಲಿದ್ದು ಸುಮಾರು 40. ಹಿಂದಕ್ಕೆ ಪಡೆಯಲು ಮತ್ತೆ ಅಷ್ಟೇ. ಲಕ್ಷ ಡಾಲರ್ ಕೊಟ್ಟವನಿಗೆ ಈ ಎಂಬತ್ತು ಲೆಕ್ಕಕ್ಕಿಲ್ಲ. ಐವತ್ತು ಕೊಟ್ಟವನ ದಾನವನ್ನು ಶುಲ್ಕವೇ ನುಂಗಿತು. ಬಡವನ ವಂತಿಗೆಗೆ ಲೋಕದಲ್ಲೆಲ್ಲ ದಾರಿಸುಂಕ ಹೆಚ್ಚು. ಮಧ್ಯವರ್ತಿಗಳನ್ನೇ ಇಲ್ಲವಾಗಿಸುತ್ತೇವೆಂದು ಹೊರಟವರ ಮನೆಯಲ್ಲಿಯೂ ಹೀಗಾದದ್ದು ಗಮನಿಸಬೇಕಾದ ಸಂಗತಿ.

ಅಷ್ಟರಲ್ಲಿ ಇನ್ನೊಂದು ವಿಚಿತ್ರ. ಕೂಟವೇ ಬಾಗಿಲು ಹಾಕಿದ ಮೇಲೆ ಆ ಉದ್ದೇಶವಿಲ್ಲದ ಟೋಕನ್ನುಗಳನ್ನು ಜನ ಪೇಟೆಯಲ್ಲಿ ಕೊಂಡು ಮಾರತೊಡಗಿದರು. 2021ರ ಡಿಸೆಂಬರಿನಲ್ಲಿ ಅವುಗಳ ಬೆಲೆ ವಂತಿಗೆಯ ಬೆಲೆಗಿಂತ ಹಲವು ಪಟ್ಟು ಏರಿ, ಮುಂದೆ ಇಳಿಯಿತು. ಮದುವೆ ಮುರಿದರೂ ಲಗ್ನಪತ್ರಿಕೆಗೆ ಬೆಲೆ ಬಂದಂತೆ.

ಇದು ಈ ಬಗೆಯ ಮೊದಲ ಸಾಹಸವೂ ಅಲ್ಲ. ಈಥರಿನ ವ್ಯವಸ್ಥೆ ಹುಟ್ಟಿದ್ದೇ ಜನರ ಹಣದಿಂದ: 2014ರಲ್ಲಿ 42 ದಿನಗಳ ಕಾಲ, ಇನ್ನೂ ಸಿದ್ಧವಾಗದ ನಾಣ್ಯವನ್ನು ಬಿಟ್‌ಕಾಯಿನ್ನಿಗೆ ಮಾರಿ ಸುಮಾರು 1.8 ಕೋಟಿ ಡಾಲರ್ ಕೂಡಿಸಿದರು. 2016ರಲ್ಲಿ ‘ದಿ ಡಾವೊ’ ಎಂಬ ಕೂಟ 28 ದಿನಗಳಲ್ಲಿ 15 ಕೋಟಿ ಡಾಲರಿಗೂ ಹೆಚ್ಚು ಬೆಲೆಯ ಈಥರನ್ನು ಸಂಗ್ರಹಿಸಿತು. ಯಾವ ಉದ್ಯಮಕ್ಕೆ ಹಣ ಹೂಡಬೇಕೆಂಬುದನ್ನು ಸದಸ್ಯರೇ ಮತ ಹಾಕಿ ತೀರ್ಮಾನಿಸುವುದಿತ್ತು. ಕರಾರಿನ ಬರಹದಲ್ಲಿ ಒಂದು ಕಂಡಿ ಉಳಿದಿತ್ತು. ಜೂನ್ 17ರಂದು ಯಾರೋ ಅದರಲ್ಲಿ ಕೈಯಿಟ್ಟು 36 ಲಕ್ಷ ಈಥರನ್ನು ಬೇರೆಡೆಗೆ ಹರಿಸಿಕೊಂಡರು. ಬರೆದದ್ದೇ ಶಾಸನ ಎಂದಿದ್ದವರ ಮುಂದೆ ಈಗ ಕಠಿನ ಪ್ರಶ್ನೆ: ಬರಹದಂತೆಯೇ ನಡೆದಿದೆ, ಹಾಗಾದರೆ ಇದು ಕಳವು ಹೇಗೆ? ವಾದ ವಿವಾದ ನಡೆದು, ಜುಲೈ 20ರಂದು ಬಹುಮಂದಿ ಸೇರಿ ಖಾತೆಯನ್ನೇ ಬೇರೆ ದಾರಿಗೆ ಹೊರಳಿಸಿ ಹಣವನ್ನು ಕೊಟ್ಟವರಿಗೆ ಉಳಿಸಿದರು. ಒಪ್ಪದವರು ಹಳೆಯ ಖಾತೆಯನ್ನೇ ಮುಂದುವರಿಸಿದರು. ಅದು ಈಥೀರಿಯಮ್ ಕ್ಲಾಸಿಕ್ ಎಂಬ ಹೆಸರಿನಲ್ಲಿ ಇಂದಿಗೂ ಇದೆ.

ನಮ್ಮಲ್ಲಿ ಕಡತ ಎಂಬುದೊಂದಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದರೆ ಒರಸಿ ಮತ್ತೆ ಬರೆಯಬಹುದು. ಕಲ್ಲಿನಂತೆ ಎಂದು ಕೊಚ್ಚಿಕೊಂಡದ್ದು ಸಂಕಟದ ಹೊತ್ತಿನಲ್ಲಿ ಕಡತವಾಯಿತು. ಹಾಗಾದದ್ದು ತಪ್ಪೆಂದು ನಾನು ಹೇಳಲಾರೆ. ನನ್ನ ದುಡ್ಡು ಹೋಗಿದ್ದರೆ ನಾನೂ ಒರಸಿರೆಂದೇ ಕೂಗುತ್ತಿದ್ದೆ.

ನಮ್ಮ ದೇಶದಲ್ಲಿ ಈ ನಾಣ್ಯಗಳಿಗೆ ಇನ್ನೂ ಚಲಾವಣೆಯ ಹಣದ ಮಾನ್ಯತೆಯಿಲ್ಲ. 2018ರ ಏಪ್ರಿಲಿನಲ್ಲಿ ಬ್ಯಾಂಕುಗಳು ಇವುಗಳ ವ್ಯವಹಾರದಿಂದ ದೂರವಿರಬೇಕೆಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯನ್ನು 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ರದ್ದುಗೊಳಿಸಿತು. 2022ರ ಬಜೆಟ್ಟು ಲಾಭದ ಮೇಲೆ ಶೇಕಡ 30 ತೆರಿಗೆ ಹಾಕಿತು. ನನ್ನ ಶಿಷ್ಯನಿಗೆ ಅದರ ಭಯವಿಲ್ಲ. ಅವನು ಹಣವನ್ನು ಹಿಂದಕ್ಕೂ ಪಡೆಯಲಿಲ್ಲ, ಬೆಲೆ ಏರಿದಾಗ ಮಾರಲೂ ಇಲ್ಲ. ಏಕೆಂದು ಕೇಳಿದರೆ ಹೆಗಲು ಕೊಡವಿದ. ಹೀಗೆ ಹಿಂದಕ್ಕೆ ಕೇಳದವರು ಇನ್ನೂ ಎಷ್ಟೋ ಮಂದಿ ಇದ್ದರಂತೆ. ಆ ಸಂವಿಧಾನದ ಪ್ರತಿಯನ್ನು ಗ್ರಿಫಿನ್ ಅವರು ಅರ್ಕನ್ಸಾ ಪ್ರಾಂತದ ಕ್ರಿಸ್ಟಲ್ ಬ್ರಿಜಸ್ ಎಂಬ ವಸ್ತುಸಂಗ್ರಹಾಲಯಕ್ಕೆ ಪ್ರದರ್ಶನಕ್ಕಾಗಿ ಕೊಟ್ಟು, 2022ರಲ್ಲಿ ಜನ ಅಲ್ಲಿ ಅದನ್ನು ನೋಡಿದರು.

ಅವನು ಹೆಗಲು ಕೊಡವಿದಾಗ ನನಗೆ ನಮ್ಮ ತಂದೆಯವರು ನೆನಪಾದರು. ಅವರು ಹಳ್ಳಿಯ ಶಾಲೆಯಲ್ಲಿ ಮೇಷ್ಟರು. ನಾನು ಎಂಟು ಒಂಬತ್ತರ ಹುಡುಗನಾಗಿದ್ದಾಗ ಊರಿಗೊಂದು ಪುಸ್ತಕಭಂಡಾರ ಕಟ್ಟಬೇಕೆಂದು ಮನೆಮನೆಯಿಂದ ವಂತಿಗೆ ಎತ್ತಿದರು. ನಿವೇಶನದ ತಕರಾರಿನಿಂದ ಕೆಲಸ ಮುರಿಯಿತು. ಬೇರೆ ಯಾವುದಾದರೂ ಧರ್ಮಕಾರ್ಯಕ್ಕೆ ಹಾಕೋಣವೆಂದು ಕೆಲವರು ಅಂದರೂ ತಂದೆಯವರು ಕೇಳಲಿಲ್ಲ. ಶಾಲೆ ಬಿಟ್ಟ ಮೇಲೆ ನೋಟುಪುಸ್ತಕ ಹಿಡಿದು, ನನ್ನ ಕೈಗೆ ಚಿಲ್ಲರೆಯ ಚೀಲ ಕೊಟ್ಟು, ಸಂಜೆಯ ಮೇಲೆ ಸಂಜೆ ಬಾಗಿಲು ಬಾಗಿಲಿಗೆ ಹೋಗಿ ಹಣ ಹಿಂತಿರುಗಿಸಿ ಹೆಸರಿನ ಮುಂದೆ ಗೆರೆ ಎಳೆದರು. ಊರ ಕೊನೆಯ ಮನೆಯ ಅಜ್ಜಿಯೊಬ್ಬಳು ಮಾತ್ರ ಕೈಯೊಡ್ಡಲಿಲ್ಲ. ‘ಕೊಟ್ಟಿದ್ದ ವಾಪಸ್ ಈಸ್ಕೊಳ್ಳೋದುಂಟಾ ಮೇಷ್ಟ್ರೆ? ಇವತ್ತಲ್ಲ ನಾಳೆ ಕಟ್ತೀರಿ, ಮಡೀಕಳಿ’ ಎಂದು ಒಳಗೆ ಹೋದಳು.

ಇದನ್ನು ಹೇಳಿದಾಗ ಶಿಷ್ಯ ಕೇಳಿದ: ‘ಆ ದುಡ್ಡು ಏನಾಯಿತು ಸರ್?’

ನಾನು ಎದ್ದು ಅಲಮಾರಿನಿಂದ ತಂದೆಯವರ ನೋಟುಪುಸ್ತಕ ತೆಗೆದುಕೊಟ್ಟೆ. ಕೊನೆಯ ಪುಟದಲ್ಲಿ ಗೆರೆ ಬೀಳದ ಹೆಸರು ಒಂದೇ. ಅದರ ಪಕ್ಕದಲ್ಲಿ ಗುಂಡುಸೂಜಿ ಚುಚ್ಚಿದ ಎರಡು ರೂಪಾಯಿಯ ನೋಟು. ಸೂಜಿ ತುಕ್ಕು ಹಿಡಿದು ಕಾಗದಕ್ಕೆ ಅಂಟಿಕೊಂಡಿದೆ. ಅವನು ಬಹಳ ಹೊತ್ತು ನೋಡಿ ಪುಸ್ತಕ ಮುಚ್ಚಿದ.