ಮನೆಗೆ ಇಂಟರ್ನೆಟ್ ರೇಡಿಯೋ: ಕೊಳ್ಳುವ ಮುನ್ನ, ಕೊಂಡ ಮೇಲೆ

ಬೀಜ, ಗೊಬ್ಬರ, ಔಷಧಿಗಳ ವಿಚಾರವನ್ನು ಬೇರೆ ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೀರಿ. ಇವತ್ತು ಆ ವಿಚಾರಗಳನ್ನೆಲ್ಲ ನಿಮ್ಮ ಮನೆಯವರೆಗೆ ಮುಟ್ಟಿಸುವ ಪೆಟ್ಟಿಗೆಯ ಬಗ್ಗೆಯೇ ನಾಲ್ಕು ಮಾತು ತಿಳಿದುಕೊಳ್ಳೋಣ.

ಈಗ ಹಳ್ಳಿಗಳಿಗೂ ಇಂಟರ್ನೆಟ್ ಬಂದಿದೆ. "ಸಾಹೇಬ್ರ, ಗೊರಗೊರ ಅನ್ನೋ ಹಳೇ ರೇಡಿಯೋ ತೆಗೆದು ಇಂಟರ್ನೆಟ್ ರೇಡಿಯೋ ತರಬೇಕಂತ ಮಾಡೀನಿ, ಹ್ಯಾಂಗ?" ಎಂದು ಕೇಳುವವರಿದ್ದಾರೆ. ತರಬಹುದು, ಒಳ್ಳೆಯದೇ. ಆದರೆ ಹೊಸದನ್ನು ತಂದ ದಿನವೇ ಹಳೆಯದನ್ನು ಗುಜರಿಗೆ ಹಾಕಬೇಡಿರಿ. ಏಕೆಂದು ಮುಂದೆ ಹೇಳುತ್ತೇನೆ.

ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆಯ ಬೇಸಾಯಕ್ಕೆ ವೇಳೆಯೇ ಬಂಡವಾಳ. ಸೋಯಾ ಕೊಯ್ದು ಹೊಲದಲ್ಲಿ ಹಾಕಿರುತ್ತೀರಿ. ನಾಳೆ ಮಳೆ ಎಂಬ ಸುದ್ದಿ ಸಂಜೆಯೇ ಕಿವಿಗೆ ಬಿದ್ದರೆ ಬಣಮಿ ಒಟ್ಟಿ ತಾಡಪತ್ರಿ ಹೊಚ್ಚಬಹುದು. ಮರುದಿನ ಕೇಳಿದರೆ ಕಾಳು ಮೊಳೆತಿರುತ್ತದೆ. ತೊಗರಿ ಹೂ ಬಿಟ್ಟಾಗ ಕಾಯಿಕೊರಕ ಹುಳಕ್ಕೆ ಔಷಧಿ ಹೊಡೆಯುತ್ತೀರಿ. ಹೊಡೆದ ಸ್ವಲ್ಪ ಹೊತ್ತಿಗೇ ಮಳೆ ಬಂತೋ, ಔಷಧಿಯೂ ಹೋಯಿತು, ಆಳಿನ ಕೂಲಿಯೂ ಹೋಯಿತು. ಆದ್ದರಿಂದ ರೇಡಿಯೋ ಹಾಡು ಕೇಳುವುದಕ್ಕೆ ಮಾತ್ರವಲ್ಲ. ಕುಂಟೆ, ಕೂರಿಗೆಗಳ ಹಾಗೆ ಅದೂ ಒಂದು ಬೇಸಾಯದ ಸಾಮಾನು.

ರೇಡಿಯೋದಲ್ಲಿ ಎಷ್ಟು ಬಗೆ?

ಮೊದಲನೆಯದು ನಮಗೆಲ್ಲ ಪರಿಚಯವಿರುವ ಮಧ್ಯಮ ತರಂಗದ ರೇಡಿಯೋ. ಧಾರವಾಡ ಆಕಾಶವಾಣಿ 1950ರಲ್ಲಿ, ಕಲಬುರಗಿ ಕೇಂದ್ರ 1966ರಲ್ಲಿ ಆರಂಭವಾದವು. ಮುಳ್ಳನ್ನು 765ರ ಹತ್ತಿರ ತಂದರೆ ಧಾರವಾಡ, 1107ರ ಹತ್ತಿರ ತಂದರೆ ಕಲಬುರಗಿ ಎಂಬುದು ಹಿರಿಯರಿಗೆ ಬಾಯಿಪಾಠ. ಈ ತರಂಗ ಹಗಲು ನೆಲವನ್ನು ಹಿಡಿದು ಸಾಗುತ್ತದೆ. ರಾತ್ರಿ ಮೇಲಿನ ವಾಯುಮಂಡಲಕ್ಕೆ ಬಡಿದು ಹಿಂದಿರುಗುವುದರಿಂದ ನೂರಾರು ಮೈಲಿ ದೂರದ ಕೇಂದ್ರಗಳೂ ಕೇಳುತ್ತವೆ. ನಮ್ಮ ಗಡಿಭಾಗದಲ್ಲಿ ಕನ್ನಡದ ಪಕ್ಕದಲ್ಲೇ ಮರಾಠಿ, ತೆಲುಗು, ಉರ್ದು ಕೇಳಿಬರುವುದು ಹೀಗೆಯೇ.

ಎರಡನೆಯದು ಎಫ್.ಎಂ. ಧ್ವನಿ ಬಹಳ ಸ್ವಚ್ಛ. ಆದರೆ ಅದು ಕಣ್ಣಿನ ನೋಟದಂತೆ ನೇರವಾಗಿ ಹೋಗುವ ತರಂಗ. ಗುಡ್ಡ ಅಡ್ಡ ಬಂದರೆ, ದೂರ ಹೆಚ್ಚಾದರೆ ಸಿಕ್ಕುವುದಿಲ್ಲ.

ಮೂರನೆಯದು ಆಕಾಶದಿಂದಲೇ ಬರುವ ಡಿಜಿಟಲ್ ರೇಡಿಯೋ. ನಮ್ಮ ದೇಶ ಇದಕ್ಕಾಗಿ ಡಿ.ಆರ್.ಎಂ. ಎಂಬ ಪದ್ಧತಿಯನ್ನು ಆರಿಸಿಕೊಂಡಿದೆ. ಬೆಂಗಳೂರು ಮತ್ತು ಧಾರವಾಡದಲ್ಲಿ ಇದಕ್ಕೆ ತಕ್ಕ ಟ್ರಾನ್ಸ್‌ಮಿಟರುಗಳನ್ನು ಹಾಕಿದ್ದಾರೆ. ಇದರ ಗುಣ ಒಂದು ತಿಳಿದಿರಲಿ. ಹಳೆಯ ರೇಡಿಯೋದಲ್ಲಿ ದೂರ ಹೋದಂತೆ ಧ್ವನಿ ಸಣ್ಣದಾಗುತ್ತದೆ, ಗೊರಗೊರ ಹೆಚ್ಚುತ್ತದೆ, ಆದರೂ ಕಿವಿಗೊಟ್ಟರೆ ಮಾತು ತಿಳಿಯುತ್ತದೆ. ಡಿಜಿಟಲ್‌ನಲ್ಲಿ ಹಾಗಿಲ್ಲ. ಸಿಕ್ಕರೆ ಗಂಟೆ ಹೊಡೆದಂತೆ ಸ್ವಚ್ಛ, ಇಲ್ಲದಿದ್ದರೆ ಪೂರ್ತಿ ಮೌನ. ಇದಕ್ಕೆ ಬೇರೆಯೇ ಸೆಟ್ಟು ಬೇಕು. ಅಂಥ ಸೆಟ್ಟು ನಮ್ಮ ಸಂತೆಯಲ್ಲಿ ಸುಲಭವಾಗಿ ಸಿಗುವಂಥದಲ್ಲ, ಬೆಲೆಯೂ ಹೆಚ್ಚು.

ಇಲ್ಲೇ ಇನ್ನೊಂದು ಎಚ್ಚರಿಕೆ. ಪರದೇಶದಲ್ಲಿ ದುಡಿಯುವ ಮಗನೋ ಅಳಿಯನೋ "ಡಿಜಿಟಲ್ ರೇಡಿಯೋ" ಎಂದು ಒಂದು ಪೆಟ್ಟಿಗೆ ತಂದುಕೊಡಬಹುದು. ಯುರೋಪಿನಲ್ಲಿ ಡಿ.ಎ.ಬಿ. ಎಂಬ ಬೇರೆ ಪದ್ಧತಿ ಇದೆ. ನಾರ್ವೆ ದೇಶದಲ್ಲಿ 2017ರಲ್ಲಿ ರಾಷ್ಟ್ರೀಯ ಕೇಂದ್ರಗಳ ಎಫ್.ಎಂ. ನಿಲ್ಲಿಸಿ ಡಿ.ಎ.ಬಿ.ಗೇ ಬಂದುಬಿಟ್ಟರು. ಆ ಡಿಜಿಟಲ್ ಭಾಗ ನಮ್ಮಲ್ಲಿ ಮಾತಾಡುವುದಿಲ್ಲ. ಅದರಲ್ಲಿ ಎಫ್.ಎಂ., ಇಂಟರ್ನೆಟ್ ಇದ್ದರೆ ಅವಷ್ಟೇ ಉಪಯೋಗಕ್ಕೆ ಬರುತ್ತವೆ.

ನಾಲ್ಕನೆಯದೇ ಇಂಟರ್ನೆಟ್ ರೇಡಿಯೋ.

ಇದು ಕೆಲಸ ಮಾಡುವ ಬಗೆ

ಕೇಂದ್ರದಲ್ಲಿ ಆಡಿದ ಮಾತನ್ನು ಯಂತ್ರವು ಅಂಕಿಗಳನ್ನಾಗಿ ಮಾಡಿ ಸಣ್ಣ ಸಣ್ಣ ಗಂಟು ಕಟ್ಟುತ್ತದೆ. ಆ ಗಂಟುಗಳು ತಂತಿಯಲ್ಲಿ, ಟವರಿನಲ್ಲಿ ಹಾದು ನಿಮ್ಮ ಮನೆಗೆ ಬರುತ್ತವೆ. ನಿಮ್ಮ ಪೆಟ್ಟಿಗೆ ಅವನ್ನು ಬಿಚ್ಚಿ ಮತ್ತೆ ಮಾತು ಮಾಡುತ್ತದೆ. ದಾರಿಯಲ್ಲಿ ಕೆಲವು ತಡವಾದರೂ ಮಾತು ನಿಲ್ಲಬಾರದೆಂದು ಪೆಟ್ಟಿಗೆ ಒಂದಿಷ್ಟು ಗಂಟುಗಳನ್ನು ಮೊದಲೇ ಕೂಡಿಟ್ಟುಕೊಳ್ಳುತ್ತದೆ, ಬಾವಿಯ ನೀರನ್ನು ಹೌದಿಗೆ ತುಂಬಿ ಆಮೇಲೆ ಬಿಟ್ಟಂತೆ. ಇದರಿಂದ ಮಾತು ಹಲವು ಸೆಕೆಂಡು, ಕೆಲವು ಸಲ ಅರ್ಧ ನಿಮಿಷ ಹಿಂದೆ ಬೀಳುತ್ತದೆ. ಇಂಟರ್ನೆಟ್ ರೇಡಿಯೋದ ಗಂಟೆಯ ಸದ್ದು ಕೇಳಿ ಗಡಿಯಾರ ಸರಿಮಾಡಿಕೊಳ್ಳಬೇಡಿರಿ.

ಇದಕ್ಕೆ ಬೇರೆ ಪೆಟ್ಟಿಗೆಯೇ ಬೇಕೆಂದಿಲ್ಲ. ಕೈಯಲ್ಲಿರುವ ಫೋನಿಗೆ ಪ್ರಸಾರ ಭಾರತಿಯ 'ನ್ಯೂಸ್ ಆನ್ ಏರ್' ಆ್ಯಪ್ ಹಾಕಿಕೊಂಡರೆ ಕಲಬುರಗಿ, ಧಾರವಾಡ, ಬೆಂಗಳೂರು ಸೇರಿದಂತೆ ಇನ್ನೂರಕ್ಕೂ ಹೆಚ್ಚು ಆಕಾಶವಾಣಿ ವಾಹಿನಿಗಳು ಕೇಳಸಿಗುತ್ತವೆ. ಜೊತೆಗೊಂದು ಬ್ಲೂಟೂತ್ ಸ್ಪೀಕರ್ ಇದ್ದರೆ ಪಡಸಾಲೆಯಲ್ಲಿ ಕುಳಿತವರೆಲ್ಲ ಕೇಳಬಹುದು. ಮೊದಲು ಹೀಗೆ ಒಂದು ತಿಂಗಳು ಕೇಳಿ ನೋಡಿರಿ. ರೂಢಿಯಾದರೆ ಆಮೇಲೆ ಸೆಟ್ಟು ಕೊಳ್ಳಿರಿ. ಆದರೆ ಫೋನಿನ ಹಾಟ್‌ಸ್ಪಾಟನ್ನೇ ನೆಚ್ಚಿ ಸೆಟ್ಟು ತಂದರೆ, ಮಗ ಫೋನು ಜೇಬಿಗಿಟ್ಟುಕೊಂಡು ಹುಮನಾಬಾದಿಗೆ ಹೋದ ದಿನ ಅಜ್ಜನ ರೇಡಿಯೋ ಬಾಯಿ ಮುಚ್ಚುತ್ತದೆ.

ಖರ್ಚು ಎಷ್ಟು ಎಂದು ಕೇಳುತ್ತೀರಿ. ಸೆಕೆಂಡಿಗೆ 64 ಕಿಲೋಬಿಟ್ ವೇಗದ ಪ್ರಸಾರವಾದರೆ ಗಂಟೆಗೆ ಸುಮಾರು 29 ಎಂ.ಬಿ. ಡೇಟಾ ಖರ್ಚು. ದಿನಕ್ಕೆ ಎರಡು ಗಂಟೆ ಕೇಳಿದರೆ ತಿಂಗಳಿಗೆ ಒಂದೂಮುಕ್ಕಾಲು ಜಿ.ಬಿ. ಆಯಿತು. ಪ್ರಸಾರ 128 ಕಿಲೋಬಿಟ್ ಇದ್ದರೆ ಇದರ ಇಮ್ಮಡಿ. ಚಿತ್ರ ನೋಡುವುದಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ.

ಸೆಟ್ಟು ಕೊಳ್ಳುವಾಗ ನೋಡಬೇಕಾದದ್ದು

ಒಂದು: ಇಂಟರ್ನೆಟ್ಟಿನ ಜೊತೆಗೆ ಎಫ್.ಎಂ., ಆದರೆ ಮಧ್ಯಮ ತರಂಗವೂ ಇರುವ ಸೆಟ್ಟನ್ನು ಹುಡುಕಿರಿ.

ಎರಡು: ಒಳಗೆ ಬ್ಯಾಟರಿ ಇರಬೇಕು, ಇಲ್ಲವೇ ಫೋನಿನ ಚಾರ್ಜರಿನಿಂದ, ಪವರ್ ಬ್ಯಾಂಕಿನಿಂದ ನಡೆಯಬೇಕು. 5 ವ್ಯಾಟಿನ ಸೆಟ್ಟು 10,000 ಎಂ.ಎ.ಎಚ್. ಪವರ್ ಬ್ಯಾಂಕಿನ ಮೇಲೆ ಐದಾರು ಗಂಟೆ ನಡೆದೀತು.

ಮೂರು: ಬಹಳಷ್ಟು ಸೆಟ್ಟುಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ನಿಮ್ಮ ರೂಟರಿನಲ್ಲಿ ಅದು ಚಾಲೂ ಇದೆಯೇ ನೋಡಿಸಿರಿ. ನಮ್ಮ ಕಡೆಯ ಹಳೆಯ ಮನೆಗಳ ಗೋಡೆ ದಪ್ಪನೆಯ ಕಲ್ಲಿನವು. ಒಳಕೋಣೆಯಲ್ಲಿಟ್ಟ ರೂಟರಿನ ಶಕ್ತಿ ಪಡಸಾಲೆಗೆ ಬರುವುದಿಲ್ಲ. ರೂಟರು, ರೇಡಿಯೋ ಎರಡೂ ಒಂದೇ ಕಡೆ ಇರಲಿ.

ನಾಲ್ಕು: ಇದೇ ಎಲ್ಲಕ್ಕಿಂತ ದೊಡ್ಡದು. ಕೇಂದ್ರದ ವಿಳಾಸವನ್ನು ನಾವೇ ಬರೆದು ಕೂಡಿಸಲು ಬರುತ್ತದೆಯೇ, ಅಥವಾ ಎಲ್ಲೋ ಇರುವ ಒಂದು ಕಂಪನಿಯ ಪಟ್ಟಿಯನ್ನೇ ಅದು ನೆಚ್ಚಿದೆಯೇ ಎಂದು ಕೇಳಿರಿ. ಏಕೆಂದರೆ ಆ ಪಟ್ಟಿ ನಿಂತರೆ ಪೆಟ್ಟಿಗೆಯೂ ನಿಂತಂತೆ. ರೆಸಿವಾ ಎಂಬ ಪಟ್ಟಿಯ ಸೇವೆ 2021ರಲ್ಲಿ ಮುಚ್ಚಿದಾಗ, ಅದನ್ನೇ ನೆಚ್ಚಿದ್ದ ಹಲವು ಕಂಪನಿಗಳ ಸೆಟ್ಟುಗಳು ಏನೂ ಕೆಡದಿದ್ದರೂ ಕೇಂದ್ರ ಹುಡುಕಲಾರದೆ ಕುಳಿತವು. ನಮ್ಮ ನಾಡಿನಲ್ಲೂ ಇಂಥದು ನಡೆದಿದೆ. ಉಪಗ್ರಹದಿಂದ ಹಾಡು ಕಳಿಸುತ್ತಿದ್ದ ವರ್ಲ್ಡ್‌ಸ್ಪೇಸ್ ರೇಡಿಯೋದಲ್ಲಿ 'ಸ್ಪರ್ಶ' ಎಂಬ ಕನ್ನಡ ವಾಹಿನಿಯೂ ಇತ್ತು. 2009ರ ಡಿಸೆಂಬರ್ 31ಕ್ಕೆ ಆ ಸೇವೆ ಭಾರತದಲ್ಲಿ ನಿಂತಿತು. ಹಣ ಕೊಟ್ಟು ತಂದ ಸೆಟ್ಟುಗಳಿಗೆ ಕೇಳಿಸಲು ಏನೂ ಉಳಿಯಲಿಲ್ಲ. ಬಿತ್ತುವ ಬೀಜ ಪ್ರತಿ ವರ್ಷ ಇನ್ನೊಬ್ಬರ ಕೈಯಲ್ಲಿದ್ದರೆ ನಮ್ಮ ಹೊಲ ಅರ್ಧ ಅವರದೇ ಆದಂತೆ ಅಲ್ಲವೇ? ಇದೂ ಹಾಗೆಯೇ.

ಗಾಳಿ ಮಳೆಯ ರಾತ್ರಿ

ಈಗ ಹಳೆಯ ರೇಡಿಯೋ ಏಕೆ ಇಟ್ಟುಕೊಳ್ಳಬೇಕೆಂಬ ಮಾತಿಗೆ ಬರೋಣ. ಇಂಟರ್ನೆಟ್ ರೇಡಿಯೋ ಮಾತಾಡಬೇಕಾದರೆ ಮನೆಯಲ್ಲಿ ಕರೆಂಟ್ ಇರಬೇಕು, ರೂಟರ್ ನಡೆಯಬೇಕು, ತಂತಿ ಹರಿದಿರಬಾರದು, ಟವರಿಗೆ ಕರೆಂಟ್ ಇರಬೇಕು, ಆಚೆಯ ಯಂತ್ರವೂ ಚಾಲೂ ಇರಬೇಕು. ಐದು ಕೊಂಡಿಯ ಸರಪಳಿ. ಒಂದು ಕಡಿದರೂ ಮಾತು ನಿಲ್ಲುತ್ತದೆ. ಮುಂಗಾರಿನ ಮೊದಲಲ್ಲಿ ಗಾಳಿ ಎದ್ದು ಗಿಡ ಉರುಳಿ ಕಂಬ ಬಿತ್ತೆಂದರೆ, ಸುದ್ದಿ ಬೇಕಾದ ಹೊತ್ತಿಗೇ ಸುದ್ದಿ ಇಲ್ಲ. ಸೆಲ್ಲು ಹಾಕಿದ ಹಳೆಯ ರೇಡಿಯೋಕ್ಕೆ ಎರಡೇ ಕೊಂಡಿ: ಅತ್ತ ಟ್ರಾನ್ಸ್‌ಮಿಟರು, ಇತ್ತ ಸೆಲ್ಲು.

ಗುಡುಗು ಬಂದಾಗ ರೂಟರ್, ಚಾರ್ಜರ್ ಎರಡನ್ನೂ ಗೋಡೆಯಿಂದ ಕಿತ್ತಿಡಿರಿ. ಹಳೆಯ ಸೆಟ್ಟನ್ನು ಮಧ್ಯಮ ತರಂಗಕ್ಕೆ ಹಾಕಿ ಕೇಳಿರಿ. ಮಿಂಚಿದಾಗಲೆಲ್ಲ ಚಟಚಟ ಸಪ್ಪಳ ಬರುತ್ತದೆ. ಅದು ರೇಡಿಯೋ ಕೆಟ್ಟಿದ್ದಲ್ಲ. ಮಿಂಚಿನ ಸದ್ದನ್ನೇ ರೇಡಿಯೋ ಹಿಡಿದದ್ದು. ಚಟಚಟ ಹೆಚ್ಚುತ್ತಾ ಬಂದರೆ ಸಿಡಿಲು ಸಮೀಪಿಸುತ್ತಿರಬಹುದು. ಹೊಲದಲ್ಲಿದ್ದವರನ್ನು, ಗಿಡದ ಕೆಳಗೆ ನಿಂತ ದನ ಕಾಯುವ ಹುಡುಗರನ್ನು ಕೂಡಲೇ ಮನೆಗೆ ಕರೆಯಿರಿ. ಸಿಡಿಲಿನ ಮುನ್ಸೂಚನೆಗಾಗಿ ಪುಣೆಯ ಹವಾಮಾನ ವಿಜ್ಞಾನಿಗಳು ತಯಾರಿಸಿದ 'ದಾಮಿನಿ' ಆ್ಯಪ್ ಕೂಡ ಫೋನಿನಲ್ಲಿರಲಿ.

ಹಳೆಯ ಸೆಟ್ಟಿನ ಗೊರಗೊರಕ್ಕೂ ಉಪಾಯವಿದೆ. ಎಲ್.ಇ.ಡಿ. ಬಲ್ಬು, ಇನ್ವರ್ಟರು, ಚಾರ್ಜರುಗಳಿಂದ ದೂರ ಇಡಿರಿ. ಮಧ್ಯಮ ತರಂಗವನ್ನು ಹಿಡಿಯುವ ಕಡ್ಡಿ ಪೆಟ್ಟಿಗೆಯ ಒಳಗೇ ಅಡ್ಡಲಾಗಿ ಇರುತ್ತದೆ. ಆದ್ದರಿಂದ ಸೆಟ್ಟನ್ನೇ ಮೆಲ್ಲಗೆ ಸುತ್ತ ತಿರುಗಿಸಿರಿ. ಒಂದು ದಿಕ್ಕಿಗೆ ಬಂದಾಗ ಮಾತು ಸ್ಪಷ್ಟವಾಗುತ್ತದೆ. ಬಹಳ ದಿನ ಹಚ್ಚದಿದ್ದರೆ ಸೆಲ್ಲು ತೆಗೆದಿಡಿರಿ, ಸೋರಿ ಪೆಟ್ಟಿಗೆ ಹಾಳಾಗುತ್ತದೆ. ವಾರಕ್ಕೊಮ್ಮೆ ಹಚ್ಚಿ ನೋಡಿರಿ. ಬಾಯಾರಿದಾಗ ಬಾವಿ ತೋಡಿದಂತಾಗಬಾರದು. ದೇಶದಲ್ಲಿ ಹಲವು ಮಧ್ಯಮ ತರಂಗದ ಟ್ರಾನ್ಸ್‌ಮಿಟರುಗಳನ್ನು ಈಗಾಗಲೇ ನಿಲ್ಲಿಸಿದ್ದಾರೆ. ಹೀಗಾಗಿ ನಿಮ್ಮ ಊರಿನಲ್ಲಿ ಯಾವ ಕೇಂದ್ರ ಯಾವ ಹೊತ್ತಿಗೆ ಸಿಗುತ್ತದೆಂದು ಮಳೆಗಾಲಕ್ಕೆ ಮುಂಚೆಯೇ ಪರೀಕ್ಷಿಸಿ ಗೋಡೆಯ ಮೇಲೆ ಬರೆದಿಡಿರಿ.

ಯಾರ ಮಾತು ಕೇಳಬೇಕು?

ಇಂಟರ್ನೆಟ್ ರೇಡಿಯೋದಲ್ಲಿ ಮೈಸೂರೂ ಸಿಗುತ್ತದೆ, ಮಂಗಳೂರೂ ಸಿಗುತ್ತದೆ. ಹಾಡಿಗೆ, ನಾಟಕಕ್ಕೆ ಯಾವುದನ್ನಾದರೂ ಕೇಳಿರಿ. ಬೇಸಾಯಕ್ಕೆ ಮಾತ್ರ ಹತ್ತಿರದ ಕೇಂದ್ರವೇ ಇರಲಿ. ಅಲ್ಲಿನ ಮಣ್ಣು, ಮಳೆ, ಬಿತ್ತುವ ವೇಳೆ ಬೇರೆ. ಇಲ್ಲಿನ ಕಪ್ಪು ಎರೆ ಭೂಮಿ ಬೇರೆ. ಮೈಸೂರಿನ ಹೊಲಕ್ಕೆ ಹೇಳಿದ ಮಾತನ್ನು ಮುಡಬಿಯ ಹೊಲದಲ್ಲಿ ನಡೆಸಿದರೆ ನಷ್ಟ ನಿಮ್ಮದೇ.

ಔಷಧಿಯ ಪ್ರಮಾಣ ಕೇಳುವಾಗಲಂತೂ ಬಹಳ ಜಾಗ್ರತೆ. "ಒಂದು ಲೀಟರ್ ನೀರಿಗೆ ಅರ್ಧ ಎಂ.ಎಲ್." ಎನ್ನುವಾಗ ಇಂಟರ್ನೆಟ್ ಒಂದು ಕ್ಷಣ ತಡವರಿಸಿ "ಅರ್ಧ" ಎಂಬ ಮಾತೇ ಬಿದ್ದುಹೋದೀತು. ಆಗ ಹೊಡೆಯುವುದು ಎರಡರಷ್ಟು. ಹಣ ಹಾಳು, ಬೆಳೆಗೂ ಹೊಡೆಯುವವನಿಗೂ ಅಪಾಯ. ಆದ್ದರಿಂದ ಕೇಳಿದ ಔಷಧಿಯ ಹೆಸರು, ಪ್ರಮಾಣ, ಕಾಲ ಮೂರನ್ನೂ ಬರೆದುಕೊಂಡು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ. ಇಲ್ಲವೇ ಕಿಸಾನ್ ಕಾಲ್ ಸೆಂಟರಿಗೆ, ಅಂದರೆ 1800-180-1551ಕ್ಕೆ, ಪುಕ್ಕಟೆ ಫೋನು ಮಾಡಿರಿ. ಕನ್ನಡದಲ್ಲಿಯೇ ಉತ್ತರ ಹೇಳುತ್ತಾರೆ.

ಕೂಡಿ ಕೇಳೋಣ

1956ರಲ್ಲಿ ಪುಣೆ ಆಕಾಶವಾಣಿಯಿಂದ ಒಂದು ಪ್ರಯೋಗ ನಡೆಯಿತು. ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೈತರು ಗುಂಪಾಗಿ ಕುಳಿತು ರೇಡಿಯೋ ಕೇಳಿ, ಕೇಳಿದ್ದನ್ನು ಅಲ್ಲಿಯೇ ಚರ್ಚಿಸಿದರು. ಕೇಳು, ಚರ್ಚಿಸು, ಮಾಡು ಎಂಬುದೇ ಅದರ ಮಂತ್ರ. ಅದು ಫಲಕೊಟ್ಟು, 1959ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಒಬ್ಬನ ಕಿವಿ ತಪ್ಪಿಸಿಕೊಂಡ ಮಾತನ್ನು ಇನ್ನೊಬ್ಬನ ಕಿವಿ ಹಿಡಿಯುತ್ತದೆ. ಇದು ನನ್ನ ಹೊಲಕ್ಕೆ ಆದೀತೋ ಇಲ್ಲವೋ ಎಂಬುದು ನಾಲ್ಕು ಜನ ಮಾತಾಡಿದಾಗಲೇ ತಿಳಿಯುವುದು. ಅನುಭವ ಮಂಟಪದಲ್ಲಿ ಕೂಡಿ ಕುಳಿತು ವಿಚಾರ ಮಾಡಿದ ಶರಣರ ಊರಿನವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಈಗ ಮನೆಮನೆಗೂ ಫೋನು ಬಂದು ಒಬ್ಬೊಬ್ಬರೇ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೇಳುವಂತಾಗಿದೆ. ವಾರಕ್ಕೊಂದು ಸಂಜೆಯಾದರೂ ಸ್ಪೀಕರನ್ನು ಕಟ್ಟೆಯ ಮೇಲಿಟ್ಟು ಕೂಡಿ ಕೇಳಿರಿ. ಹೆಣ್ಣುಮಕ್ಕಳನ್ನೂ ಕರೆಯಿರಿ, ಬೀಜ ಆರಿಸುವುದು, ಕಳೆ ತೆಗೆಯುವುದು, ಎಮ್ಮೆ ನೋಡುವುದು ಬಹುಪಾಲು ಅವರ ಕೈಯಲ್ಲೇ ಇದೆ.

ಒಟ್ಟಿನಲ್ಲಿ ನೆನಪಿಡಬೇಕಾದದ್ದು ಇಷ್ಟು. ಮೊದಲು ಫೋನಿನಲ್ಲಿ ಕೇಳಿ ರೂಢಿ ಮಾಡಿಕೊಳ್ಳಿರಿ. ಕೊಳ್ಳುವುದಾದರೆ ಬ್ಯಾಟರಿ ಇರುವ, ಎಫ್.ಎಂ. ಕೂಡ ಇರುವ, ಕೇಂದ್ರವನ್ನು ನಾವೇ ಕೂಡಿಸಬಲ್ಲ ಸೆಟ್ಟು ಕೊಳ್ಳಿರಿ. ಸೆಲ್ಲಿನ ಹಳೆಯ ರೇಡಿಯೋ ಮಾಡದಲ್ಲಿ ಹಾಗೆಯೇ ಇರಲಿ. ಹೊಲದ ಮಾತನ್ನು ಹತ್ತಿರದ ಕೇಂದ್ರದಿಂದ ಕೇಳಿರಿ, ಬರೆದುಕೊಳ್ಳಿರಿ, ನಾಲ್ಕು ಜನರಲ್ಲಿ ವಿಚಾರಿಸಿರಿ, ಆಮೇಲೆ ಮಾಡಿರಿ.