ಬೇವಿನ ಹೊಗೆಯೂ ಮೂರು ಬಗೆಯ ಸೊಳ್ಳೆಯೂ

ರಾಯಚೂರು ಸೀಮೆಯಲ್ಲಿ ಬಯಲಲ್ಲಿ ಮಲಗುವುದು ವಿಲಾಸವಲ್ಲ, ಅನಿವಾರ್ಯ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟಿದ ಮೇಲೆ, ಹಗಲಿಡೀ ಕಾದ ಮಾಳಿಗೆ ನಡುರಾತ್ರಿಯವರೆಗೂ ಕೆಳಗಿದ್ದವರ ಮೇಲೆ ಬಿಸಿಯನ್ನು ಸುರಿಯುತ್ತಲೇ ಇರುತ್ತದೆ. ಹೊರಸುಗಳು ಅಂಗಳಕ್ಕೆ ಬರುತ್ತವೆ, ಹಾಸಿಗೆಗಳು ಮಾಳಿಗೆಯ ಮೇಲೇರುತ್ತವೆ. ಹೊತ್ತು ಮುಳುಗುವ ಮುನ್ನವೇ ಒಡೆದ ಗಡಿಗೆಯ ತಳದಲ್ಲಿ ಕುಳ್ಳಿನ ಕೆಂಡ, ಅದರ ಮೇಲೊಂದು ಹಿಡಿ ಹಸಿ ಬೇವಿನ ಸೊಪ್ಪು. ಕಣ್ಣುರಿಸುವ ಆ ಕಹಿ ಹೊಗೆ ಇಲ್ಲಿಯ ಹಳ್ಳಿಗಳ ಸಂಜೆಯ ಗುರುತೇ ಆಗಿದೆ.

ಈಚಿನ ವರ್ಷಗಳಲ್ಲಿ ಈ ಹಳೆಯ ರೂಢಿಗೆ ನಗರದವರಿಂದ ಹೊಸ ಗೌರವ ದೊರೆತಿದೆ. ರಾಸಾಯನಿಕಗಳ ಬಗೆಗಿನ ಭಯ ಒಂದೆಡೆ, ‘ನೈಸರ್ಗಿಕ’ ಎಂಬ ಮುದ್ರೆಗೆ ಹುಟ್ಟಿಕೊಂಡ ಮಾರುಕಟ್ಟೆ ಇನ್ನೊಂದೆಡೆ. ನರ್ಸರಿಗಳಲ್ಲಿ ಸೊಳ್ಳೆ ಓಡಿಸುವ ಗಿಡವೆಂದು ಕುಂಡಗಳು ಬಿಕರಿಯಾಗುತ್ತಿವೆ. ಔಷಧದ ಅಂಗಡಿಗಳಲ್ಲಿ ಸಿಟ್ರೊನೆಲಾ ಎಣ್ಣೆ, ಮಕ್ಕಳ ಮುಂಗೈಗೆ ಸುವಾಸನೆಯ ಪಟ್ಟಿ. ಸಸ್ಯಶಾಸ್ತ್ರ ಕಲಿಸಿದವನೆಂಬ ಒಂದೇ ಕಾರಣಕ್ಕೆ ಪರಿಚಿತರು ನನ್ನನ್ನು ಕೇಳುವುದುಂಟು: ‘ಯಾವ ಗಿಡ ಹಚ್ಚಿದರೆ ಅಂಗಳಕ್ಕೆ ಸೊಳ್ಳೆ ಬರುವುದಿಲ್ಲ?’ ನನ್ನ ಮರುಪ್ರಶ್ನೆ ಅವರಿಗೆ ಉಡಾಫೆಯೆನಿಸುತ್ತದೆ. ‘ಯಾವ ಸೊಳ್ಳೆ?’

ಸಸ್ಯಗಳಿಗೆ ಸೊಳ್ಳೆಯನ್ನು ದೂರವಿಡುವ ಗುಣವಿದೆಯೆಂಬುದು ಮೂಢನಂಬಿಕೆಯೇನಲ್ಲ. ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡ್, ಬೆವರಿನ ವಾಸನೆ ಮತ್ತು ಮೈಯ ಬಿಸುಪುಗಳ ಜಾಡು ಹಿಡಿದು ಸೊಳ್ಳೆ ಬರುತ್ತದೆ. ತುಳಸಿ, ಲಕ್ಕಿ, ನಿಂಬೆಹುಲ್ಲು, ಬೇವು ಮೊದಲಾದವುಗಳಲ್ಲಿರುವ ಕೆಲವು ತೈಲಾಂಶಗಳು ಆ ಜಾಡನ್ನು ಕೆಡಿಸುತ್ತವೆ. ಆದರೆ ಎಲೆಯೊಳಗಿನ ತೈಲ ಎಲೆಯನ್ನು ಜಜ್ಜಿದಾಗ, ಉಜ್ಜಿದಾಗ ಅಥವಾ ಕೆಂಡದ ಮೇಲಿಟ್ಟಾಗಷ್ಟೇ ಹೇರಳವಾಗಿ ಹೊರಬರುತ್ತದೆ. ಕುಂಡದಲ್ಲಿ ಸುಮ್ಮನೆ ನಿಂತ ಗಿಡ ತನ್ನ ಆಸ್ತಿಯನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಕೀನ್ಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತುಳಸಿಯ ಜಾತಿಯ ಗಿಡ ಮತ್ತು ಲಂಟಾನದ ಕುಂಡಗಳನ್ನು ಗುಡಿಸಲಿನಲ್ಲಿಟ್ಟಾಗ ಸೊಳ್ಳೆಯ ಕಾಟ ಮೂರನೆಯ ಒಂದು ಭಾಗದಿಂದ ಐದನೆಯ ಎರಡು ಭಾಗದಷ್ಟು ಕಡಿಮೆಯಾಗಿತ್ತು. ಅದು ಗುಡಿಸಲು. ಗಾಳಿಯಾಡುವ ತೆರೆದ ಅಂಗಳದಲ್ಲಿ ಅಷ್ಟನ್ನೂ ನಿರೀಕ್ಷಿಸುವಂತಿಲ್ಲ.

ಎಣ್ಣೆಗಳ ಆಯುಷ್ಯವೂ ಅಲ್ಪ. 2002ರಲ್ಲೇ ಅಮೆರಿಕದ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗಾಲಯದ ಪರೀಕ್ಷೆಯಲ್ಲಿ ಸಿಟ್ರೊನೆಲಾದಿಂದ ಮಾಡಿದ ಲೇಪನಗಳು 20 ನಿಮಿಷವೂ ಬಾಳಲಿಲ್ಲ. ಮುಂಗೈ ಪಟ್ಟಿಗಳಂತೂ ಒಂದು ನಿಮಿಷ ಕೂಡ ರಕ್ಷಿಸಲಿಲ್ಲ. ಅದೇ ಪರೀಕ್ಷೆಯಲ್ಲಿ ಶೇ 24ರಷ್ಟು ಡೀಟ್ ಇದ್ದ ರಾಸಾಯನಿಕ ಲೇಪನ ಐದು ಗಂಟೆ ಕಾಪಾಡಿತು. ತೈಲ ಹಾರಿಹೋಗುವ ವೇಗ ಬಿಸಿಲಿಗೆ ಹೆಚ್ಚುತ್ತದೆ, ಬೆವರಿಗೆ ಲೇಪನ ತೊಳೆದುಹೋಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಈ ಲೆಕ್ಕ ಇನ್ನೂ ಕೆಳಗಿಳಿಯುವುದೇ ಹೊರತು ಮೇಲೇರದು. ನೀಲಗಿರಿಯ ವಿಷಯದಲ್ಲಿ ಒಂದು ಗೊಂದಲವಿದೆ. ಸೊಳ್ಳೆಗೆ ಮದ್ದೆಂದು ಹೊರದೇಶಗಳ ಆರೋಗ್ಯ ಸಂಸ್ಥೆಗಳು ಒಪ್ಪಿರುವುದು ನಿಂಬೆಯ ವಾಸನೆಯ ನೀಲಗಿರಿಯಿಂದ ತಯಾರಾಗುವ, ಸಂಸ್ಕರಿಸಿದ ಒಂದು ಅಂಶವನ್ನು. ನಮ್ಮಲ್ಲಿ ನೆಡುತೋಪುಗಳಾಗಿ ಬೆಳೆದು ನಿಂತಿರುವುದು ಬೇರೆಯೇ ಜಾತಿ. ಹೆಸರೊಂದೇ ಆದ ಮಾತ್ರಕ್ಕೆ ಗುಣವೊಂದೇ ಆಗಬೇಕಿಲ್ಲ.

ಅಂದಹಾಗೆ, ನಾವು ರಾಸಾಯನಿಕವೆಂದು ಮೂಗು ಮುರಿಯುವ ಸೊಳ್ಳೆ ಬತ್ತಿಯ ಮೂಲವೂ ಸಸ್ಯವೇ. ಸೇವಂತಿಗೆಯ ಬಳಗಕ್ಕೆ ಸೇರಿದ ಪೈರೆಥ್ರಮ್ ಹೂವಿನ ಪುಡಿಯಿಂದ 1890ರ ಸುಮಾರಿಗೆ ಜಪಾನಿನಲ್ಲಿ ಮೊದಲ ಬತ್ತಿ ತಯಾರಾಯಿತು. ಸುರುಳಿಯ ಆಕಾರ ಬಂದದ್ದು 1902ರ ಹೊತ್ತಿಗೆ. ಇಂದಿನ ಬತ್ತಿಯಲ್ಲಿರುವುದು ಅದೇ ಅಂಶದ ಕೃತಕ ಪ್ರತಿರೂಪ. ಒಂದು ಸುರುಳಿ ಪೂರ್ತಿ ಉರಿದಾಗ ಹೊರಬೀಳುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳಿಗೆ ಸಮವೆಂದು 2003ರ ಒಂದು ಅಧ್ಯಯನ ಅಳೆದು ಹೇಳಿದೆ. ಇದನ್ನು ಉಲ್ಲೇಖಿಸಿ ‘ಅದಕ್ಕೇ ಬೇವಿನ ಹೊಗೆ ಒಳ್ಳೆಯದು’ ಎನ್ನುವವರಿದ್ದಾರೆ. ಶ್ವಾಸಕೋಶಕ್ಕೆ ಕುಳ್ಳಿನ ಹೊಗೆಯೂ ಹೊಗೆಯೇ. ಬಯಲಲ್ಲಿ ಅದು ಚದುರಿಹೋಗುತ್ತದೆ ಎಂಬುದಷ್ಟೇ ಸಮಾಧಾನ. ತೊಟ್ಟಿಲಿನ ಪಕ್ಕದಲ್ಲಿ, ದಮ್ಮಿನವರ ಹೊರಸಿನ ಬಳಿ ಹಾಕುವಂಥದ್ದಲ್ಲ.

ಬೇವಿನ ಎಣ್ಣೆಯ ಕತೆ ಮಾತ್ರ ಸ್ವಲ್ಪ ಭಿನ್ನ. ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿ ವಿ.ಪಿ. ಶರ್ಮಾ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊಬ್ಬರಿ ಎಣ್ಣೆಗೆ ಶೇ 2ರಷ್ಟು ಬೇವಿನ ಎಣ್ಣೆ ಬೆರೆಸಿ ಮೈಗೆ ಹಚ್ಚಿಕೊಂಡವರಿಗೆ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳಿಂದ ಶೇ 96ರಿಂದ 100ರಷ್ಟು ರಕ್ಷಣೆ ಸಿಕ್ಕಿತ್ತು. ಡೆಂಗಿ ಹರಡುವ ಈಡಿಸ್ ವಿಷಯದಲ್ಲಿ ಅದು ಶೇ 85. ಕ್ಯುಲೆಕ್ಸ್ ಜಾತಿಗಳಲ್ಲಿ ಹೆಚ್ಚು-ಕಡಿಮೆ. ಇತರ ದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಇಷ್ಟು ಉಜ್ವಲವಾದ ಫಲ ಕಂಡಿಲ್ಲ, ಮಧ್ಯಮ ಪ್ರಮಾಣದ್ದು ಕಂಡಿದೆ ಎಂಬುದನ್ನೂ ಹೇಳಿಬಿಡಬೇಕು. ಅದೇ ವಿಜ್ಞಾನಿಗಳು ಸೀಮೆಎಣ್ಣೆಯ ಬುಡ್ಡಿಗೆ ಶೇ 1ರಷ್ಟು ಬೇವಿನ ಎಣ್ಣೆ ಬೆರೆಸಿ ಉರಿಸಿಯೂ ನೋಡಿದ್ದರು. ಇಂದು ಆ ಸೀಮೆಎಣ್ಣೆಯೇ ಅಪರೂಪದ ವಸ್ತು.

ಈ ಅಂಕಿಗಳಲ್ಲಿ ನನ್ನ ಗಮನ ಸೆಳೆದದ್ದು ಗೆಲುವಿನ ಪ್ರಮಾಣವಲ್ಲ, ಸೊಳ್ಳೆಯಿಂದ ಸೊಳ್ಳೆಗಿರುವ ವ್ಯತ್ಯಾಸ. ನಮ್ಮ ಜಿಲ್ಲೆಯಲ್ಲಿ ಐವತ್ತು-ಅರವತ್ತು ಕಿಲೋಮೀಟರಿನೊಳಗೆ ಮೂರು ಬಗೆಯ ಸೊಳ್ಳೆ ರಾಜ್ಯಗಳಿವೆ.

ಮೊದಲನೆಯದು ಮಾನ್ವಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯ ಗುಂಟ ಜೋಳದ ಸೀಮೆಯ ಮುಖವೇ ಬದಲಾಯಿತು. ಮಿತನೀರಾವರಿ ಬೆಳೆಗೆಂದು ಗುರುತಿಸಿದ ಜಮೀನಿನಲ್ಲೂ ಭತ್ತ ನಿಂತಿತು. ಮೇಲ್ಭಾಗದಲ್ಲಿ ನೀರು ನಿಂತು ಕೊಳೆತರೆ, ಕೊನೆಯಂಚಿನ ರೈತ ನೀರಿಗಾಗಿ ಧರಣಿ ಕೂರುವ ವೈಪರೀತ್ಯ ಇಂದಿಗೂ ಮುಗಿದಿಲ್ಲ. ನಾಟಿಯಾದ ಹೊಸತರಲ್ಲಿ, ಸಸಿ ಗಿಡ್ಡವಾಗಿ ಬಿಸಿಲು ನೀರನ್ನು ಮುಟ್ಟುವಾಗ, ಗದ್ದೆಯಲ್ಲಿ ಮಲೇರಿಯಾದ ಅನಾಫಿಲಿಸ್ ಮೊಟ್ಟೆಯಿಡುತ್ತದೆ. ಪೈರು ಬೆಳೆದಂತೆ ಅದು ಹಿಂದೆ ಸರಿದು, ಮಿದುಳು ಜ್ವರ ಹರಡುವ ಕ್ಯುಲೆಕ್ಸ್ ಜಾತಿಗಳಿಗೆ ಜಾಗ ಬಿಡುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳು ಜಪಾನಿ ಮಿದುಳು ಜ್ವರದ ಪಟ್ಟಿಯಲ್ಲಿ ಸೇರಿರುವುದು ಆಕಸ್ಮಿಕವಲ್ಲ. ಇವೆಲ್ಲ ಇಳಿಹೊತ್ತಿನ ಮತ್ತು ಇರುಳಿನ ಸೊಳ್ಳೆಗಳು. ಕತ್ತಲಾಗುವವರೆಗೆ ಗದ್ದೆಯಲ್ಲಿ ಬಾಗಿ ದುಡಿಯುವ ಹೆಂಗಸಿಗೆ, ರಾತ್ರಿ ನೀರು ಕಟ್ಟಲು ಬದುವಿನ ಮೇಲೆ ಕುಳಿತವನಿಗೆ ಪರದೆಯೂ ಇಲ್ಲ, ಫ್ಯಾನೂ ಇಲ್ಲ. ಕೈಕಾಲಿಗೆ ಬೇವಿನ ಎಣ್ಣೆ ಹಚ್ಚಿಕೊಳ್ಳುವುದು ಸಾರ್ಥಕವಾಗುವುದಾದರೆ ಇಲ್ಲಿಯೇ.

ದೇವದುರ್ಗದ ಸ್ಥಿತಿ ಬೇರೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ತಲುಪಿದ ಊರುಗಳೊಂದಿಗೆ, ಗುಡ್ಡಗಳ ನಡುವೆ ಚದುರಿದ ದೊಡ್ಡಿಗಳೂ ತಾಂಡಾಗಳೂ ಇಲ್ಲಿವೆ. ಹೊಲದಲ್ಲೇ ನಾಲ್ಕಾರು ಮನೆ, ಮನೆಗೆ ಅಂಟಿಕೊಂಡೇ ದನದ ಹಟ್ಟಿ. ಕೃಷ್ಣೆಯಲ್ಲಿ ನೀರಿಳಿದಾಗ ಉಳಿಯುವ ಮಡುಗಳು, ಕಾಲುವೆಯ ಜಿನುಗುನೀರು, ಮಣ್ಣು ತೆಗೆದ ಗುಂಡಿಗಳು ಅನಾಫಿಲಿಸ್‌ನ ಮೆಚ್ಚಿನ ತಾಣಗಳು. ಗ್ರಾಮೀಣ ಮಲೇರಿಯಾಕ್ಕೆ ಮುಖ್ಯ ಕಾರಣವಾದ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಮನುಷ್ಯನಿಗಿಂತ ದನದ ರಕ್ತವನ್ನೇ ಹೆಚ್ಚು ಬಯಸುವ ಜಾತಿ. ಹಟ್ಟಿಯ ಪಕ್ಕದಲ್ಲೇ ಹೊರಸು ಹಾಕಿದವನು ಅದರ ಎರಡನೆಯ ಎಲೆಯಾಗುತ್ತಾನೆ. ದನಕ್ಕೆ ಹೊಗೆ ಹಾಕಿ ತಾವು ದೂರ ಮಲಗುವ ಹಿರಿಯರನ್ನು ದೊಡ್ಡಿಗಳಲ್ಲಿ ನೋಡಿದ್ದೇನೆ. ಹೊಗೆಯಿಂದ ಹಟ್ಟಿ ಬಿಟ್ಟ ಸೊಳ್ಳೆ ಎಲ್ಲಿಗೆ ಹೋದೀತು? ಗಾಳಿಯ ಕೆಳದಿಕ್ಕಿನಲ್ಲಿ ಮಲಗಿದವನನ್ನು ಹೊಗೆ ಕಾಯಬಹುದು, ಮೇಲ್ದಿಕ್ಕಿನವನನ್ನಲ್ಲ. ಕೀಟನಾಶಕ ಸಿಂಪಡಿಸುವ ಸರ್ಕಾರಿ ಕ್ರಮವೂ ಇಲ್ಲಿ ಅರ್ಧವೇ ನಿಲುಕುತ್ತದೆ. ಔಷಧಿ ಬೀಳುವುದು ಮನೆಯೊಳಗಿನ ಗೋಡೆಗೆ, ಮನುಷ್ಯ ಮಲಗಿರುವುದು ಹೊರಗೆ. ಹೊರಸಿನ ನಾಲ್ಕು ಕಾಲಿಗೆ ನಾಲ್ಕು ಗಳ ಕಟ್ಟಿ, ಔಷಧ ಲೇಪಿತ ಪರದೆ ಇಳಿಬಿಟ್ಟರೆ ಬೆಳಗಿನವರೆಗೆ ಅದು ಮಾಡುವ ಕೆಲಸವನ್ನು ಯಾವ ಸೊಪ್ಪೂ ಮಾಡಲಾರದು. ಸೊಪ್ಪು ಮಲಗುವ ಮುಂಚಿನ ಎರಡು ತಾಸಿನ ಸಂಗಾತಿ.

ಮೂರನೆಯದು ರಾಯಚೂರು ನಗರ. ಇಲ್ಲಿ ಸಂಜೆ ಕಿವಿಯಲ್ಲಿ ಗುಂಯ್‌ಗುಡುವುದು ಬಹುಪಾಲು ಚರಂಡಿಯ, ಕೊಳಚೆ ನಿಂತ ತಗ್ಗುಗಳ ಕ್ಯುಲೆಕ್ಸ್. ಬೇವಿನ ಸೊಪ್ಪು, ಲೋಬಾನ, ಟೆರೇಸಿನ ಕುಂಡ ಎಲ್ಲವೂ ಇದರ ಮೇಲೆಯೇ ಪ್ರಯೋಗವಾಗುತ್ತವೆ. ಆದರೆ ನಗರದವರು ನಿಜವಾಗಿ ಹೆದರಬೇಕಾದ ಈಡಿಸ್ ಸದ್ದು ಮಾಡದ, ಹಗಲಲ್ಲಿ ಕಚ್ಚುವ ಸೊಳ್ಳೆ. ಬೆಳಗಿನ ಹೊತ್ತು, ಹಾಗೆಯೇ ಸೂರ್ಯಾಸ್ತಕ್ಕೆ ಮುಂಚಿನ ತಾಸುಗಳು ಅದರ ಊಟದ ವೇಳೆ. ನಾವು ದೀಪ ಹಚ್ಚಿ ಹೊಗೆ ಹಾಕುವ ಹೊತ್ತಿಗೆ ಅದು ಉಂಡು ಮುಗಿಸಿ ಪರದೆಯ ಮರೆಯಲ್ಲಿ ವಿಶ್ರಮಿಸುತ್ತಿರುತ್ತದೆ. ಅದು ಹುಟ್ಟುವುದೂ ಕೊಳಚೆಯಲ್ಲಲ್ಲ, ನಾವು ಜೋಪಾನವಾಗಿ ಹಿಡಿದಿಟ್ಟ ತಿಳಿನೀರಿನಲ್ಲಿ. ಎರಡು ನದಿಗಳ ನಡುವಿನ ಈ ಊರಿನಲ್ಲಿ ನಲ್ಲಿಯ ಮೇಲೆ ಭರವಸೆಯಿಲ್ಲದವರು ಡ್ರಮ್ಮು, ಹೌದೆಗಳನ್ನು ತುಂಬಿಡುತ್ತಾರೆ. 2006ರಲ್ಲಿ ಚಿಕೂನ್‌ಗುನ್ಯ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಹಾಸಿಗೆಗೆ ಕೆಡವಿತೆಂದು ಅಂದಾಜಿಸಿದಾಗ ಉತ್ತರದ ಈ ಜಿಲ್ಲೆಗಳೇ ಮೊದಲು ನರಳಿದ್ದು. ಕೀಲುನೋವಿನಿಂದ ತಿಂಗಳುಗಟ್ಟಲೆ ಕೂಲಿಗೆ ಹೋಗಲಾಗದ ಮನೆಗಳನ್ನು ಇಲ್ಲಿ ಯಾರೂ ಮರೆತಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಲಾರ್ವಾ ಬೆಳೆಯಲು ಬಿಟ್ಟವರಿಗೆ ದಂಡ ವಿಧಿಸುವ ಅಧಿಕಾರವನ್ನೂ ತೆಗೆದುಕೊಂಡಿತು. ಈಡಿಸ್ ದೂರ ಹಾರುವ ಜಾತಿಯಲ್ಲ. ನಮ್ಮನ್ನು ಕಚ್ಚಿದ್ದು ನಮ್ಮದೋ ನೆರೆಯವರದೋ ಹೌದೆಯಲ್ಲಿ ಹುಟ್ಟಿದ್ದೇ. ವಾರಕ್ಕೊಮ್ಮೆ ಹೌದೆ ಬರಿದು ಮಾಡಿ ಒಳಗೋಡೆ ತಿಕ್ಕುವವರು ಕುಂಡಕ್ಕೆ ಹಣ ಕೊಡಬೇಕಾದ ಅಗತ್ಯವೇ ಇಲ್ಲ. ತಿಕ್ಕದವರಿಗೆ ಕುಂಡದಿಂದ ಉಪಯೋಗವೂ ಇಲ್ಲ.

ಮಲೇರಿಯಾ ಇಂದು ಇಪ್ಪತ್ತೈದು ವರ್ಷಗಳ ಹಿಂದಿನಂತಿಲ್ಲ. ಆಗ ರಾಜ್ಯದಲ್ಲೇ ಹೆಚ್ಚು ಬಾಧಿತವಾದ ಜಿಲ್ಲೆಗಳಲ್ಲಿ ರಾಯಚೂರು ಒಂದು; ಇಂದು ಇಡೀ ಕರ್ನಾಟಕದಲ್ಲೇ ಪ್ರಕರಣಗಳು ಬಹಳ ಇಳಿದಿವೆ. ರಕ್ತಪರೀಕ್ಷೆ, ಚಿಕಿತ್ಸೆ, ಸಿಂಪಡಣೆ, ಪರದೆ, ಗಪ್ಪಿ ಮೀನು ಇವೆಲ್ಲ ಕೂಡಿ ಮಾಡಿದ ಕೆಲಸವಿದು. ಮಲೇರಿಯಾಕ್ಕೆ ಸೊಳ್ಳೆಯೇ ವಾಹಕವೆಂಬುದಕ್ಕೆ ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಾಕ್ಷ್ಯ ಕಂಡದ್ದು ಸಿಕಂದರಾಬಾದಿನಲ್ಲಿ. ಆಗ ರಾಯಚೂರೂ ಅದೇ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಶೋಧ ನಡೆದ ಸೀಮೆಯಲ್ಲೇ ಒಂದು ಶತಮಾನದವರೆಗೆ ಜನ ಚಳಿಜ್ವರದಲ್ಲಿ ನಡುಗಿದರೆಂಬುದನ್ನು ನೆನೆದರೆ, ಗಳಿಸಿದ್ದನ್ನು ಸೊಪ್ಪಿನ ಮೇಲಿನ ಅಭಿಮಾನಕ್ಕೆ ಬಿಟ್ಟುಕೊಡಲು ಮನಸ್ಸಾಗದು.

ಬೇವನ್ನು ನಾವು ಇನ್ನೂ ಸರಿಯಾದ ಜಾಗದಲ್ಲಿ ಬಳಸಿಲ್ಲವೆಂಬುದು ನನ್ನ ಅನಿಸಿಕೆ. ಮದುರೈನಲ್ಲಿದ್ದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೀಟವಿಜ್ಞಾನ ಕೇಂದ್ರದವರು 1990ರ ದಶಕದ ಆರಂಭದಲ್ಲಿ ಭತ್ತದ ಗದ್ದೆಗೆ ಬೇವಿನ ಹಿಂಡಿ ಹಾಕಿ ನೋಡಿದರು, ಯೂರಿಯಾಗೆ ಅದನ್ನು ಲೇಪಿಸಿಯೂ ನೋಡಿದರು. ಮಿದುಳು ಜ್ವರದ ಕ್ಯುಲೆಕ್ಸ್ ಮರಿಗಳು ಗಣನೀಯವಾಗಿ ಇಳಿದವು. ನೀರನ್ನು ಸದಾ ನಿಲ್ಲಿಸದೆ, ನಡುನಡುವೆ ಒಣಗಿಸಿ ಹರಿಸುವ ಪದ್ಧತಿಯನ್ನೂ ಅದರ ಜೊತೆಗೆ ಪರೀಕ್ಷಿಸಿದ್ದರು. 2015ರಿಂದ ದೇಶದ ಯೂರಿಯಾಗೆಲ್ಲ ಬೇವಿನ ಲೇಪನ ಕಡ್ಡಾಯವಾಗಿದೆಯಾದರೂ ಆ ಲೇಪ ಅತ್ಯಲ್ಪ, ಉದ್ದೇಶವೂ ಬೇರೆ. ಮಾನ್ವಿಯ ಗದ್ದೆಯಲ್ಲಿ ಒಣಗಿಸಿ ಹರಿಸಿದರೆ ಕೊನೆಯಂಚಿನವನಿಗೂ ನೀರು ಸಿಗುತ್ತದೆ, ಸೊಳ್ಳೆಯೂ ತಗ್ಗುತ್ತದೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ. ನೀರಾವರಿ, ಕೃಷಿ, ಆರೋಗ್ಯ ಇಲಾಖೆಗಳನ್ನು ಒಂದು ಗದ್ದೆಯ ಬದುವಿನ ಮೇಲೆ ನಿಲ್ಲಿಸುವ ಕೆಲಸವನ್ನು ಅದು ವಹಿಸಿಕೊಳ್ಳಬಹುದು.

ಇನ್ನು ಮೈಗೆ ಹಚ್ಚುವ ಮಾತು. ಕಾಲು ಲೀಟರ್ ಕೊಬ್ಬರಿ ಎಣ್ಣೆಗೆ ಒಂದು ಟೀ ಚಮಚ ಬೇವಿನ ಎಣ್ಣೆ ಬೆರೆಸಿದರೆ ದೆಹಲಿಯವರ ಶೇ 2ರ ಪ್ರಮಾಣವಾಗುತ್ತದೆ. ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ ತುರಿಕೆಯಾಗುವುದೋ ನೋಡಬೇಕು. ಕಣ್ಣಿಗೆ, ಗಾಯಕ್ಕೆ ತಾಗಿಸಬಾರದು. ಕೂಸುಗಳ ಬಾಯಿಗೆ ಬೇವಿನ ಎಣ್ಣೆ ಹೋಗಲೇಬಾರದು, ಔಷಧಿಯೆಂದು ಕುಡಿಸಿ ಪ್ರಾಣಕ್ಕೆ ಕುತ್ತಾದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅಡಚಣೆಯಿರುವುದು ಬೆಲೆಯಲ್ಲಿ. ಕೊಬ್ಬರಿ ಎಣ್ಣೆ ನಾಟಿಯ ಕೂಲಿಯವರಿಗೆ ದಿನವೂ ಕೈಕಾಲಿಗೆ ಸವರಿಕೊಳ್ಳುವಂಥ ಅಗ್ಗದ ವಸ್ತುವಲ್ಲ. ಬೇವಿನ ಬೀಜವನ್ನಾದರೋ ಆರಿಸಿ, ಒಣಗಿಸಿ, ಕೆಜಿ ಲೆಕ್ಕದಲ್ಲಿ ವ್ಯಾಪಾರಿಗೆ ಅಳೆದು ಕೊಡುವವರು ಇದೇ ಹೆಂಗಸರು. ಸ್ವಸಹಾಯ ಸಂಘಗಳಿಗೊಂದು ಸಣ್ಣ ಗಾಣ ಕೊಟ್ಟು, ಹಿಂಡಿ ಗದ್ದೆಗೂ ಎಣ್ಣೆ ಮನೆಗೂ ಉಳಿಯುವಂತೆ ಮಾಡಲು ಜಿಲ್ಲಾ ಪಂಚಾಯಿತಿಗೆ ಹೊಸ ಕಾನೂನೇನೂ ಬೇಕಿಲ್ಲ. ಬೇವಿನ ಹಣ್ಣು ಉದುರುವುದು ಜೂನ್-ಜುಲೈನಲ್ಲಿ. ಅದರ ಬೆನ್ನಿಗೇ ಕಾಲುವೆಗೆ ನೀರು ಬರುತ್ತದೆ, ನಾಟಿ ಶುರುವಾಗುತ್ತದೆ.