ಜಲಜೀವರಕ್ಷಕ ಸಾಧನಗಳು: ಉಗಮ ಮತ್ತು ವಿಕಾಸ

ಕೂಡಲಿಯಲ್ಲಿ ತುಂಗೆ, ಭದ್ರೆಗಳು ಸಂಗಮಿಸಿ ತುಂಗಭದ್ರೆಯಾಗುತ್ತವೆ. ಶಿವಮೊಗ್ಗ ತಾಲ್ಲೂಕಿನ ಹೊಳಲೂರು ಪರಿಸರದ ಹಾಡೋನಹಳ್ಳಿಯಲ್ಲಿ 2016ರ ಸೆಪ್ಟೆಂಬರಿನಲ್ಲಿ ಗಣಪತಿ ವಿಸರ್ಜನೆಯ ವೇಳೆ ತೆಪ್ಪ ಮಗುಚಿ 12 ಮಂದಿ ಈ ನದಿಯ ಪಾಲಾದರು. ನೀರನ್ನು ದಾಟಿಸುವ ಸಾಧನವೂ ಜೀವ ಉಳಿಸುವ ಸಾಧನವೂ ಬೇರೆ ಬೇರೆ ಎಂಬುದನ್ನು ಈ ದುರಂತ ಮನಗಾಣಿಸುತ್ತದೆ.

ದಾಟಿಸುವ ಸಾಧನದ ಪರಂಪರೆ ಇಲ್ಲಿ ಪ್ರಾಚೀನವಾದುದು. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಚರ್ಮ ಹೊದಿಸಿದ, ಬುಟ್ಟಿಯಂತೆ ದುಂಡಾದ ಹರಿಗೋಲುಗಳನ್ನು ಇದೇ ನದಿಯಲ್ಲಿ ಕಂಡು ವರ್ಣಿಸಿದ್ದಾನೆ. ಮೈಗೆ ಕಟ್ಟಿಕೊಳ್ಳುವ ಸಾಧನವೂ ಜನಪದಕ್ಕೆ ಹೊಸದಲ್ಲ. ಈಜು ಕಲಿಯುವವರು ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಳ್ಳುತ್ತಿದ್ದರು. ಹಗುರವಾದ ವಸ್ತು ತನ್ನ ತೂಕಕ್ಕಿಂತ ಹೆಚ್ಚಿನ ನೀರನ್ನು ಸರಿಸಿದಾಗ ದೊರೆಯುವ ಮೇಲ್ಮುಖ ಬಲವೇ ಇದರ ತತ್ತ್ವ.

ಇದೇ ತತ್ತ್ವವನ್ನು ಆಧರಿಸಿ 1854ರಲ್ಲಿ ಬ್ರಿಟನ್ನಿನ ಕ್ಯಾಪ್ಟನ್ ವಾರ್ಡ್ ಕಾರ್ಕಿನ ಜೀವರಕ್ಷಕ ಕವಚವನ್ನು ರೂಪಿಸಿದನು. 1861ರಲ್ಲಿ ವಿಟ್ಬಿಯ ರಕ್ಷಣಾ ದೋಣಿ ಮಗುಚಿದಾಗ 13 ನಾವಿಕರಲ್ಲಿ ಬದುಕುಳಿದವನು ಆ ಕವಚವನ್ನು ತೊಟ್ಟಿದ್ದ ಹೆನ್ರಿ ಫ್ರೀಮನ್ ಒಬ್ಬನೇ. ಮುಂದೆ ಕಾರ್ಕಿನ ಸ್ಥಾನವನ್ನು ಬಿಳಿಬೂರುಗದ ಹತ್ತಿಯೂ ಅನಂತರ ಕೃತಕ ಫೋಮ್ ಕೂಡ ಪಡೆದವು. ಸೋರೆಬುರುಡೆ ಈಜುವವನಿಗೆ ಆಸರೆ ಮಾತ್ರ. ಸುಧಾರಿತ ಕವಚವಾದರೋ ಪ್ರಜ್ಞೆ ತಪ್ಪಿದವನ ಮುಖವನ್ನೂ ನೀರಿನಿಂದ ಮೇಲಕ್ಕೆ ಹಿಡಿಯುವಂತೆ ರಚಿತವಾಗಿದೆ. ಆದರೆ ಹರಿಗೋಲು ಏರುವ ಮುನ್ನವೇ ಅದನ್ನು ತೊಟ್ಟಿರಬೇಕು.